ನಿಮ್ಮ ಅಂಗಡಿ ಪೈಪೋಟಿಯಲ್ಲಿ ಎಲ್ಲಿದೆ? ಸ್ವಾಟ್, ಐದು ಒತ್ತಡ, ನಕ್ಷೆ, ಲೆಕ್ಕ: ಯಾವಾಗ ಯಾವುದು

ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿದವರಿಗೆ ಪ್ರಾಜೆಕ್ಟ್ ರಿಪೋರ್ಟಿನ ಸ್ವಾಟ್ (SWOT) ಪುಟ ಗೊತ್ತಿರುತ್ತದೆ. ಆಡಿಟರ್ ಆಫೀಸಿನ ಹುಡುಗ ಟೀ ಕುಡಿಯುವಷ್ಟರಲ್ಲಿ ಅದನ್ನು ತುಂಬಿಸಿಬಿಡುತ್ತಾನೆ. ಶಕ್ತಿ: ಒಳ್ಳೆಯ ಗುಣಮಟ್ಟ. ದೌರ್ಬಲ್ಯ: ಬಂಡವಾಳ ಕಡಿಮೆ. ಅವಕಾಶ: ಬೆಳೆಯುತ್ತಿರುವ ಮಾರುಕಟ್ಟೆ. ಅಪಾಯ: ಪೈಪೋಟಿ. ಇದೇ ಪುಟವನ್ನು ಪಕ್ಕದ ಪ್ರಿಂಟಿಂಗ್ ಪ್ರೆಸ್ಸಿಗೂ ಎದುರಿನ ಟೈಲರಿಗೂ ಹಾಕಬಹುದು. ಒಂದಕ್ಷರ ಬದಲಾಯಿಸಬೇಕಿಲ್ಲ. ಸಾಲವೇನೋ ಸಿಗುತ್ತದೆ, ಆದರೆ ಅಂಗಡಿಯವರಿಗೆ ತಮ್ಮ ಅಂಗಡಿ ಬಗ್ಗೆ ಹೊಸದೇನೂ ಗೊತ್ತಾಗಿರುವುದಿಲ್ಲ.

ತಪ್ಪು ಸ್ವಾಟ್‌ನದ್ದಲ್ಲ. ಅದನ್ನು ಯಾಕೆ ಮಾಡುತ್ತಿದ್ದೇವೆ ಅಂತ ಯಾರೂ ಕೇಳಿರುವುದಿಲ್ಲ, ಅಷ್ಟೇ. ಪೈಪೋಟಿ ಅಳೆಯಲು ಐದಾರು ವಿಧಾನಗಳು ಚಾಲ್ತಿಯಲ್ಲಿವೆ. ಒಂದೊಂದೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ. ಹಾಗಾಗಿ ವಿಧಾನ ಹುಡುಕುವ ಮುಂಚೆ ಒಂದು ಸಾಲು ಬರೆದಿಟ್ಟುಕೊಳ್ಳಿ: ಮುಂದಿನ ಆರು ತಿಂಗಳಲ್ಲಿ ನಾನು ಯಾವ ತೀರ್ಮಾನ ತೆಗೆದುಕೊಳ್ಳಬೇಕು? ರೇಟು ಜಾಸ್ತಿ ಮಾಡುವುದಾ, ಎರಡನೇ ಅಂಗಡಿ ಹಾಕುವುದಾ, ಮನೆಗೆ ತಲುಪಿಸುವ ಡೆಲಿವರಿ ಆ್ಯಪ್‌ಗೆ ಸೇರುವುದಾ, ಬಾಡಿಗೆ ಕರಾರು ಮುಂದುವರಿಸುವುದಾ? ಆ ಸಾಲು ಇಲ್ಲದಿದ್ದರೆ ಯಾವ ಕೋಷ್ಟಕ ಬರೆದರೂ ಸುಮ್ನೆ ಕಾಗದ ಖರ್ಚು.

ಮಾತು ಗಾಳಿಯಲ್ಲಿ ಹೋಗದಿರಲಿ ಅಂತ ಒಂದು ಅಂಗಡಿ ಇಟ್ಟುಕೊಳ್ಳೋಣ. ಮೈಸೂರಿನ ಕುವೆಂಪುನಗರದಂಥ ಒಂದು ಬಡಾವಣೆ, ಅಯ್ಯಂಗಾರ್ ಬೇಕರಿ ಮಾದರಿಯ ಬೇಕರಿ. ಬೆಳಿಗ್ಗೆ ಬ್ರೆಡ್ಡು, ಸಂಜೆ ಖಾರಾ ಬನ್, ಪಪ್ಸ್, ದಿಲ್‌ಪಸಂದ್, ಆರ್ಡರ್ ಕೊಟ್ಟರೆ ಬರ್ತ್‌ಡೇ ಕೇಕ್. ಗಲ್ಲಾದಲ್ಲಿ ಗಂಡ ಹೆಂಡತಿ, ಒಳಗೆ ಒಬ್ಬ ಮಾಸ್ಟರ್, ಇಬ್ಬರು ಹುಡುಗರು. ಬೇಕರಿಯ ಖರ್ಚು, ಉಳಿಕೆಯ ಅಂಕಿಗಳು ಲೆಕ್ಕ ತೋರಿಸಲು ನಾನೇ ಹಿಡಿದವು. ಆ ಜಾಗದಲ್ಲಿ ನಿಮ್ಮವನ್ನು ಹಾಕಿಕೊಳ್ಳಿ.

ಬಾಗಿಲು ಹಾಕಿದ್ದ ದಿನ ಎಲ್ಲಿಗೆ ಹೋದ್ರಿ?

ನಿಮ್ಮ ಎದುರಾಳಿ ಯಾರು ಅಂತ ಬೇಕರಿಯವರನ್ನು ಕೇಳಿದರೆ ಇನ್ನೊಂದು ಬೇಕರಿಯ ಹೆಸರು ಹೇಳುತ್ತಾರೆ. ಗಿರಾಕಿಗಳನ್ನು ಕೇಳಿದರೆ ಬೇರೆಯೇ ಪಟ್ಟಿ ಬರುತ್ತದೆ. ಅದನ್ನು ಪಡೆಯಲು ದುಡ್ಡು ಖರ್ಚಾಗದ ಒಂದು ಪ್ರಶ್ನೆ ಇದೆ. ಹಬ್ಬಕ್ಕೋ ಊರಿಗೋ ಹೋಗಿ ಅಂಗಡಿ ಮುಚ್ಚಿದ್ದರೆ, ಮರುದಿನ ಬಂದವರನ್ನು ಕೇಳಿ: "ನಿನ್ನೆ ಬಾಗಿಲು ಹಾಕಿತ್ತಲ್ಲ, ಏನ್ ಮಾಡಿದ್ರಿ?"

ಬೆಳಿಗ್ಗೆ ಬ್ರೆಡ್ಡಿಗೆ ಬಂದವರು "ಹಾಲಿನ ಬೂತಲ್ಲೇ ತಗೊಂಡೆ" ಅನ್ನುತ್ತಾರೆ. ಇಲ್ಲವೇ "ಮಗಳು ಬ್ಲಿಂಕಿಟ್‌ನಲ್ಲಿ ತರಿಸಿದ್ಲು" ಅನ್ನುತ್ತಾರೆ. ಸಂಜೆ ತಿಂಡಿಯವರ ಉತ್ತರ ಇನ್ನೂ ಮಜವಾಗಿರುತ್ತದೆ. ಒಬ್ಬರು ಚುರುಮುರಿ ಗಾಡಿಗೆ ಹೋಗಿರುತ್ತಾರೆ, ಇನ್ನೊಬ್ಬರು ದರ್ಶಿನಿಯಲ್ಲಿ ಕಾಫಿ ಜೊತೆ ಬಜ್ಜಿ ತಿಂದಿರುತ್ತಾರೆ. ಮೂರನೆಯವರು "ಎಲ್ಲಿಗೂ ಹೋಗ್ಲಿಲ್ಲ ಕಣಮ್ಮ, ಮನೇಲೇ ಅವಲಕ್ಕಿ ಒಗ್ಗರಣೆ ಹಾಕ್ಕೊಂಡ್ವಿ" ಅನ್ನುತ್ತಾರೆ. ಕೇಕಿನವರು ಹೇಳುವುದೇ ಬೇರೆ. ಮೊಟ್ಟೆ ಹಾಕದ ಕೇಕಿನ ಚೈನ್ ಅಂಗಡಿ, ಇಲ್ಲವೇ ಮನೆಯಲ್ಲೇ ಕೇಕ್ ಮಾಡಿ ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿಯುವ ಮೇಲಿನ ಬೀದಿಯ ಹುಡುಗಿ.

ಅಂದರೆ ಈ ಅಂಗಡಿಗೆ ಒಂದೇ ಸ್ಥಾನ ಅಂತಿಲ್ಲ, ಮೂರಿವೆ. ಬೆಳಿಗ್ಗೆಯ ಬ್ರೆಡ್ಡಿನಲ್ಲಿ ಅದು ಸೋಲುತ್ತಿರಬಹುದು. ಸಂಜೆ ನಾಲ್ಕೂವರೆಯಿಂದ ಏಳರವರೆಗೆ ಬಡಾವಣೆಗೇ ರಾಜ ಆಗಿರಬಹುದು. ಕೇಕಿನಲ್ಲಿ ಅಂತೂ ಇಂತೂ ನಡೆಯುತ್ತಿರಬಹುದು. ಮೂರನ್ನೂ ಕಲೆಸಿ "ನಮ್ಮ ಬೇಕರಿ ಪರವಾಗಿಲ್ಲ" ಅಂದರೆ ಆ ಮಾತಿನಿಂದ ಏನೂ ಮಾಡಲಾಗುವುದಿಲ್ಲ. ಮುಂದಿನ ಯಾವ ವಿಧಾನ ಹಿಡಿದರೂ ಒಂದು ಸಲಕ್ಕೆ ಒಂದು ಬಗೆಯ ಖರೀದಿಗೆ ಮಾತ್ರ ಹಿಡಿಯಿರಿ. ಈ ಬರಹದಲ್ಲಿ ಬೇರೆಲ್ಲ ಮರೆತರೂ ಇದೊಂದು ಉಳಿಯಲಿ.

ಕೇಳುವುದರಲ್ಲೂ ಒಂದು ಹದ ಇದೆ. "ನಮ್ಮ ಬನ್ ಹೇಗಿದೆ?" ಅಂತ ಕೇಳಬೇಡಿ. ಮುಖದ ಮುಂದೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಗೋಧಿ ಬ್ರೆಡ್ ಮಾಡಿದ್ರೆ ತಗೋತೀರಾ?" ಅಂದರೂ ಹೂಂ ಅನ್ನುತ್ತಾರೆ. ಮಾಡಿಟ್ಟ ಮೇಲೆ ಯಾರೂ ತಗೊಳ್ಳುವುದಿಲ್ಲ. ನಡೆದು ಹೋದದ್ದನ್ನು ಕೇಳಿ. ಹೋದ ಸಲ ಕೇಕ್ ಎಲ್ಲಿ ತಗೊಂಡ್ರಿ, ಎಷ್ಟು ದಿನ ಮುಂಚೆ ಹೇಳಿದ್ರಿ, ಅಲ್ಲಿಗೇ ಯಾಕೆ? ಹದಿನೈದು ಇಪ್ಪತ್ತು ಜನ ಹೇಳುವಷ್ಟರಲ್ಲಿ ಅದದೇ ಮಾತು ತಿರುಗಿ ಬರತೊಡಗುತ್ತದೆ. ಅಲ್ಲಿಗೆ ನಿಲ್ಲಿಸಬಹುದು. ಬಿಟ್ಟುಹೋದ ಗಿರಾಕಿ ದಾರಿಯಲ್ಲಿ ಸಿಕ್ಕರೆ ಅವರ ಒಂದು ಮಾತು ಹತ್ತು ಖಾಯಂ ಗಿರಾಕಿಗಳ ಮಾತಿಗೆ ಸಮ.

ಎದುರಾಳಿ ಕೋಷ್ಟಕ

ಎಲ್ಲಕ್ಕಿಂತ ಸರಳ ವಿಧಾನ ಇದು. ಎಡಗಡೆ ಎದುರಾಳಿಗಳ ಹೆಸರು, ಮೇಲೆ ಗಿರಾಕಿಗಳು ಬಾಯಿಬಿಟ್ಟು ಹೇಳಿದ ಕಾರಣಗಳು. ರೇಟು, ಬಿಸಿ, ದೂರ, ಪಾರ್ಕಿಂಗ್, ರಾತ್ರಿ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತದೆ, ಹೀಗೆ. "ಗುಣಮಟ್ಟ" ಅಂತ ಒಂದು ಕಾಲಂ ಹಾಕಿದಿರೋ, ನಿಮ್ಮ ಸಾಲಿಗೆ ಹತ್ತಕ್ಕೆ ಒಂಬತ್ತು ಕೊಟ್ಟುಕೊಳ್ಳುತ್ತೀರಿ. ಅದರ ಬದಲು ಕಣ್ಣಿಗೆ ಕಾಣುವುದನ್ನೇ ಬರೆಯಿರಿ. ಬನ್ ಎಷ್ಟು ಗಂಟೆಗೆ ಓವನ್‌ನಿಂದ ಬರುತ್ತದೆ, ಎಷ್ಟು ಗ್ರಾಂ ತೂಗುತ್ತದೆ, ಏಳು ಗಂಟೆಗೆ ಹೋದರೆ ಸಿಗುತ್ತದಾ ಇಲ್ಲವಾ.

ಕೋಷ್ಟಕ ತುಂಬಿಸಲು ಕಾಲಿಗೆ ಕೆಲಸ ಕೊಡಬೇಕು. ಎದುರಾಳಿ ಅಂಗಡಿ ಕಾಣುವ ಟೀ ಅಂಗಡಿಯಲ್ಲಿ ಒಂದು ಸಂಜೆ ಕೂತು, ಕವರ್ ಹಿಡಿದು ಹೊರಬರುವವರು ಪ್ರತಿ ಅರ್ಧ ಗಂಟೆಗೆ ಎಷ್ಟು ಜನ ಅಂತ ಗೆರೆ ಎಳೆದು ಎಣಿಸಿ. ವಾರದ ನಡುವೆ ಒಂದು ದಿನ, ಭಾನುವಾರ ಒಂದು ದಿನ. ಚಿಕ್ಕ ಕವರೋ ಕೇಕ್ ಡಬ್ಬಿಯೋ ಅಂತ ಬೇರೆ ಬೇರೆ ಬರೆದುಕೊಂಡರೆ ಅವರ ವ್ಯಾಪಾರ ಯಾವುದರ ಮೇಲೆ ನಿಂತಿದೆ ಅನ್ನುವುದೂ ತಿಳಿಯುತ್ತದೆ. ಗೂಗಲ್ ಮ್ಯಾಪಿನ ರಿವ್ಯೂಗಳನ್ನೂ ಓದಿ. ಐದು ಸ್ಟಾರಿನವು ಬೇಡ, ಎರಡು ಮೂರು ಸ್ಟಾರಿನವು ಓದಿ. ಐದು ಕೊಡುವವರು ನೆಂಟರಿಷ್ಟರು, ಒಂದು ಕೊಡುವವರು ಜಗಳ ಆಡಿ ಬಂದವರು. ಕೆಲಸಕ್ಕೆ ಬರುವ ಮಾತು ನಡುವಿನವರದ್ದು.

ನಿಮ್ಮದೇ ಲೆಕ್ಕ ನೋಡಲು ಯುಪಿಐ ಆ್ಯಪ್‌ನಲ್ಲಿ ಪ್ರತಿ ಪಾವತಿಗೂ ಗಂಟೆ, ನಿಮಿಷ ಇರುತ್ತದೆ. ಯಾವ ಹೊತ್ತಿನಲ್ಲಿ ಎಷ್ಟು ಜನ ಬಂದರು ಅನ್ನುವುದು ಬಿಟ್ಟಿಯಾಗಿ ಸಿಗುವ ಮಾಹಿತಿ. ಒಂದು ಎಚ್ಚರ ಇರಲಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ, ಕರ್ನಾಟಕದ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದವು. ನೀವೂ ಹಾಗೆ ಮಾಡಿದ್ದರೆ ಆ ತಿಂಗಳ ಇಳಿತ ನೋಡಿ ಗಿರಾಕಿ ಕಡಿಮೆ ಆದರು ಅಂದುಕೊಳ್ಳಬೇಡಿ.

ಈ ಕೋಷ್ಟಕದ ಮಿತಿ ಅಂದರೆ, ಇವತ್ತು ಹೇಗಿದೆ ಅನ್ನುವುದನ್ನು ಮಾತ್ರ ಹೇಳುತ್ತದೆ. ನಾಳೆ ಏನಾಗುತ್ತದೆ ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ.

ಐಟಂವಾರು ಲೆಕ್ಕ

ಇದನ್ನು ಪೈಪೋಟಿ ಅಳೆಯುವ ವಿಧಾನ ಅಂತ ಮ್ಯಾನೇಜ್‌ಮೆಂಟ್ ಓದಿದವರು ಒಪ್ಪಲಿಕ್ಕಿಲ್ಲ. ನನ್ನ ಮಟ್ಟಿಗೆ ಸಣ್ಣ ಅಂಗಡಿಗೆ ಇದೇ ಮೊದಲನೆಯದು. ಎಲ್ಲಿ ದುಡ್ಡು ಉಳಿಯುತ್ತಿದೆ ಅಂತ ಗೊತ್ತಿಲ್ಲದೆ ಯಾವ ಕಡೆ ಹೋರಾಡಬೇಕು ಅಂತ ಹೇಗೆ ಗೊತ್ತಾಗುತ್ತದೆ?

ಒಂದು ಟ್ರೇ ಖಾರಾ ಬನ್ ತಗೊಳ್ಳಿ. ಟ್ರೇಗೆ 40. ಮೈದಾ, ಡಾಲ್ಡಾ, ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು ಎಲ್ಲ ಸೇರಿ ಒಂದಕ್ಕೆ 7 ರೂಪಾಯಿ ಸಾಮಾನು, ಒಟ್ಟು 280. ಮಾರುವುದು 18 ರೂಪಾಯಿಗೆ. ನಾಲ್ಕು ಉಳಿದುಹೋಗುತ್ತವೆ ಅಂತಿಟ್ಟುಕೊಂಡರೆ 36 ಬನ್ನಿಗೆ 648 ರೂಪಾಯಿ. ಕೈಗೆ ಬಂದದ್ದು 368.

ಈಗ ಒಂದು ಕೆ.ಜಿ. ಕೇಕ್. ಮಾರುವುದು 650ಕ್ಕೆ. ಸಾಮಾನು 260, ಡಬ್ಬಿ, ಕ್ಯಾಂಡಲ್, ಪ್ಲಾಸ್ಟಿಕ್ ಚಾಕು ಸೇರಿ 30. ಕೈಗೆ ಬಂದದ್ದು 360. ಬಾಡಿಗೆ, ಗ್ಯಾಸು, ಸಂಬಳ, ತೆರಿಗೆ ಎರಡರಲ್ಲೂ ಇನ್ನೂ ಕಳೆದಿಲ್ಲ.

ಹೆಚ್ಚುಕಡಿಮೆ ಒಂದೇ, ಅಲ್ವಾ? ಆದರೆ ಕೇಕಿಗೆ ಕ್ರೀಂ ಬಳಿದು, ಹೂ ಹಾಕಿ, ಹೆಸರು ಬರೆಯಲು ಮಾಸ್ಟರ್‌ಗೆ ಒಂದು ಗಂಟೆ ಬೇಕು. ಬನ್ನಿನ ಟ್ರೇಗೆ ಅವನ ಕೈ ತಗಲುವುದು ಇಪ್ಪತ್ತು ನಿಮಿಷ. ಮಾಸ್ಟರ್‌ನ ಗಂಟೆಗೆ ಲೆಕ್ಕ ಹಾಕಿದರೆ ಬನ್ನು ಕೇಕಿನ ಮೂರು ಪಟ್ಟು ಕೊಡುತ್ತಿದೆ. ಕೇಕಿನಲ್ಲಿ ಒಂದೇ ಸಲ ದೊಡ್ಡ ನೋಟು ಗಲ್ಲಾಕ್ಕೆ ಬೀಳುವುದರಿಂದ ಲಾಭವೆಲ್ಲ ಅದರಲ್ಲೇ ಇದೆ ಅನ್ನಿಸುತ್ತಿರುತ್ತದೆ. ಹಾಗಂತ ಕೇಕ್ ಬಿಟ್ಟು ಬನ್ನೇ ಸುಡಿ ಅನ್ನುತ್ತಿಲ್ಲ. ಸಂಜೆ ಮೂರು ಟ್ರೇ ಖರ್ಚಾಗುವ ಕಡೆ ನಾಲ್ಕನೆಯದು ಹಾಕಿದರೆ ಅದು ಮರುದಿನ ಕಸಕ್ಕೆ. ಆದರೆ ನಾಲ್ಕು ಗಂಟೆಗೆ ಮಾಸ್ಟರ್ ಕೇಕಿನ ಮುಂದೆ ಕೂತಿದ್ದಾನೆ ಅಂತ ಬನ್ ಐದೂವರೆಗೆ ಹೊರಬರುತ್ತಿದ್ದರೆ, ನೀವು ಗೆಲ್ಲುತ್ತಿರುವ ಆಟವನ್ನು ಬಿಟ್ಟು ಸೋಲುತ್ತಿರುವ ಆಟ ಆಡುತ್ತಿದ್ದೀರಿ.

ಆ್ಯಪ್‌ಗೆ ಸೇರಬೇಕಾ ಅನ್ನುವ ಪ್ರಶ್ನೆಗೂ ಇದೇ ಹಾಳೆ ಸಾಕು. ಕಮಿಷನ್ ಶೇ 25 ಅಂತಿಟ್ಟುಕೊಳ್ಳಿ. 650ಕ್ಕೆ 162.50. ಕಮಿಷನ್ ಮೇಲೆ ಶೇ 18 ಜಿಎಸ್‌ಟಿ, ಇನ್ನೊಂದು 29. ಕೈಯಲ್ಲಿ 360 ಉಳಿಯುತ್ತಿದ್ದ ಕೇಕಿನಲ್ಲಿ ಈಗ 168. ಆ್ಯಪ್‌ನಿಂದ ಬಂದವರು ನಿಮ್ಮ ಅಂಗಡಿಯ ದಾರಿಯನ್ನೇ ಕಾಣದ ಹೊಸಬರಾದರೆ 168 ಲಾಭವೇ. ಇಷ್ಟು ದಿನ ಫೋನ್ ಮಾಡಿ ಹೇಳುತ್ತಿದ್ದವರೇ ಈಗ ಆ್ಯಪ್‌ನಲ್ಲಿ ಹೇಳುತ್ತಿದ್ದರೆ ಪ್ರತಿ ಕೇಕಿಗೂ 192 ರೂಪಾಯಿ ಕೈಬಿಟ್ಟಂತೆ. ಯಾರು ಯಾವ ಗುಂಪು ಅಂತ ತಿಳಿಯದೆ ಸೇರಬೇಕು, ಬೇಡ ಅಂತ ವಾದ ಮಾಡಿ ಉಪಯೋಗ ಇಲ್ಲ.

ಐದು ಒತ್ತಡ

ಹಾರ್ವರ್ಡ್‌ನ ಮೈಕಲ್ ಪೋರ್ಟರ್ 1979ರಲ್ಲಿ ಮುಂದಿಟ್ಟ ವಿಧಾನ ಇದು. ಒಂದು ವ್ಯಾಪಾರದಲ್ಲಿ ಲಾಭ ಉಳಿಯುವುದೋ ಇಲ್ಲವೋ ಅನ್ನುವುದನ್ನು ಐದು ಒತ್ತಡಗಳು ನಿರ್ಧರಿಸುತ್ತವೆ. ಈಗಿರುವ ಎದುರಾಳಿಗಳು, ಹೊಸದಾಗಿ ಬರುವವರು, ಸಾಮಾನು ಕೊಡುವವರು, ಕೊಳ್ಳುವವರು, ಬೇರೆ ದಾರಿಯಲ್ಲಿ ಅದೇ ಅಗತ್ಯ ತೀರಿಸುವವರು. ಚುರುಮುರಿ ಗಾಡಿ, ಮನೆಯ ಅವಲಕ್ಕಿ ಎಲ್ಲ ಕೊನೆಯ ಗುಂಪು.

ದೊಡ್ಡ ಕಂಪನಿಗಳಿಗಾಗಿ ಹುಟ್ಟಿದ ಲೆಕ್ಕಾಚಾರವಾದ್ದರಿಂದ ಸಣ್ಣ ಅಂಗಡಿಗೆ ತಂದಾಗ ಅರ್ಥ ಸ್ವಲ್ಪ ತಿರುಗುತ್ತದೆ. ಪಾಠದ ಉದಾಹರಣೆಗಳಲ್ಲಿ ಸಪ್ಲೈಯರ್ ಅಂದರೆ ಕಚ್ಚಾ ಮಾಲು ಕೊಡುವವನು. ಬೇಕರಿಗೆ ಮೈದಾ ಕೊಡುವವನು ಬದಲಾದರೆ ನಷ್ಟವೇನಿಲ್ಲ, ಇನ್ನೊಬ್ಬ ಫೋನಿನಲ್ಲೇ ಸಿಗುತ್ತಾನೆ. ನಿಜವಾಗಿ ಕತ್ತು ಹಿಡಿಯಬಲ್ಲವರು ಇಬ್ಬರು: ಕಟ್ಟಡದ ಓನರು ಮತ್ತು ಮಾಸ್ಟರ್. ಹನ್ನೊಂದು ತಿಂಗಳ ಕರಾರಿನ ಮೇಲೆ ಲಕ್ಷಗಟ್ಟಲೆ ಓವನ್ ಕೂರಿಸಿದವರು ಪ್ರತಿ ವರ್ಷ ಓನರ್ ಹೇಳಿದ ಬಾಡಿಗೆಗೆ ತಲೆ ಆಡಿಸಬೇಕಾಗುತ್ತದೆ. ವ್ಯಾಪಾರ ಚೆನ್ನಾಗಿ ನಡೆದಷ್ಟೂ ಅವರ ಕೈ ಮೇಲಾಗುತ್ತದೆ, ಯಾಕೆಂದರೆ ಗಿರಾಕಿ ಬರುವುದು ಅದೇ ಜಾಗಕ್ಕೆ.

ಕಚ್ಚಾ ಮಾಲಿನ ಬೆಲೆ ಏರಿದರೆ ಅದು ಎಲ್ಲ ಬೇಕರಿಗಳಿಗೂ ಏರುತ್ತದೆ ಅನ್ನುವುದನ್ನು ಮರೆಯಬೇಡಿ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಡಾಲ್ಡಾಕ್ಕೆ ಹೋಗುವ ಕಚ್ಚಾ ತಾಳೆ ಎಣ್ಣೆಯ ಮೂಲ ಆಮದು ಸುಂಕವನ್ನು ಶೇ 20ಕ್ಕೆ ಏರಿಸಿತು, 2025ರ ಮೇ ಕೊನೆಗೆ ಶೇ 10ಕ್ಕೆ ಇಳಿಸಿತು. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಇವೆಲ್ಲ ಲಾಭ ತಿನ್ನುತ್ತವೆ ನಿಜ, ಆದರೆ ಎದುರಿನ ಬೇಕರಿಗಿಂತ ನಿಮ್ಮನ್ನು ಹಿಂದೆ ತಳ್ಳುವುದಿಲ್ಲ.

ಎಲ್ಲರಿಗೂ ಒಂದೇ ಸಮ ತಾಗದ ಬದಲಾವಣೆಗಳನ್ನು ಹುಡುಕಬೇಕು. ಒಳ್ಳೆಯ ಉದಾಹರಣೆ ಕೇಕಿನ ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರವರೆಗೆ ಕೇಕು, ಪೇಸ್ಟ್ರಿ, ಬಿಸ್ಕತ್ತಿನ ಮೇಲೆ ಶೇ 18 ಇತ್ತು. ಅವತ್ತಿನಿಂದ ಶೇ 5. ವರ್ಷಕ್ಕೆ ಒಂದೂವರೆ ಕೋಟಿಯೊಳಗೆ ವಹಿವಾಟು ಇರುವ, ಕಾಂಪೊಸಿಷನ್ ಸ್ಕೀಮಿನಲ್ಲಿರುವ ಸಣ್ಣ ತಯಾರಕರು ಬಿಲ್ಲಿನಲ್ಲಿ ತೆರಿಗೆ ಹಾಕುವ ಹಾಗಿಲ್ಲ, ವಹಿವಾಟಿನ ಶೇ 1 ತಾವೇ ಕಟ್ಟುತ್ತಾರೆ. ನಮ್ಮ ಬೇಕರಿಯೂ ಆ ಸ್ಕೀಮಿನಲ್ಲಿದೆ ಅಂತಿಟ್ಟುಕೊಂಡು ಈಗ ಲೆಕ್ಕ ಹಾಕಿ. ಚೈನ್ ಅಂಗಡಿಯ ಕೇಕಿನ ಮೂಲ ಬೆಲೆ 600 ಅಂದರೆ ಆಗ ಗಿರಾಕಿ ಕೊಡುತ್ತಿದ್ದದ್ದು 708. ನಮ್ಮ ಬೇಕರಿಯ 650ರ ಕೇಕ್ 58 ರೂಪಾಯಿ ಅಗ್ಗ. ತೆರಿಗೆ ಇಳಿದ ಮೇಲೆ ಅವರದ್ದು 630. ನಮ್ಮದು 20 ರೂಪಾಯಿ ದುಬಾರಿ! ನಮ್ಮ ಅಂಗಡಿಯಲ್ಲಿ ಏನೂ ಬದಲಾಗಿಲ್ಲ. ಮಾಸ್ಟರ್ ಅವನೇ, ರೇಟೂ ಅದೇ. ಆದರೂ ಸ್ಥಾನ ಕೆಳಗಿಳಿಯಿತು. ಗಿರಾಕಿಗಳನ್ನು ಕೇಳಿದರೆ "ಯಾಕೋ ಅಲ್ಲಿ ಕಡಿಮೆ ಅನ್ನಿಸ್ತು" ಅನ್ನುತ್ತಾರೆ, ಅಷ್ಟೇ. ಕಾರಣ ಕಾಣುವುದು ಈ ಐದು ಒತ್ತಡದ ಹಾಳೆಯಲ್ಲಿ ಮಾತ್ರ.

ಹೊಸದಾಗಿ ಬರುವವರ ವಿಷಯದಲ್ಲಿ, ಬಾಗಿಲು ಎಷ್ಟು ಅಗಲ ತೆರೆದಿದೆ ಅಂತ ನೋಡಿ. ಮನೆಯಲ್ಲಿ ಕೇಕ್ ಮಾಡಲು ಒಂದು ಓಟಿಜಿ ಓವನ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ, ಒಂದು ಫೋನ್ ಸಾಕು. ಬಾಡಿಗೆ ಇಲ್ಲ, ಮಾಸ್ಟರ್ ಸಂಬಳ ಇಲ್ಲ. ಸಣ್ಣ ಆಹಾರ ಘಟಕಗಳಿಗೆ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷದವರೆಗೆ ಸಬ್ಸಿಡಿ ಇಟ್ಟಿದ್ದರು. ಅಂಥದ್ದು ನಿಮಗೆ ಸಿಗುವುದಾದರೆ ನಿಮ್ಮ ಎದುರು ಬರುವವರಿಗೂ ಸಿಗುತ್ತದೆ. ಖಾರಾ ಬನ್ನಿಗೆ ಮಾತ್ರ ಮನೆಯಿಂದ ಪೈಪೋಟಿ ಬರುವುದು ಕಷ್ಟ. ದಿನಾ ನಾಲ್ಕೂವರೆಗೆ ನೂರು ಬನ್ ಬಿಸಿಬಿಸಿ ಇಡಲು ದೊಡ್ಡ ಓವನ್ ಬೇಕು, ನಡೆದು ಬರುವ ಜನ ಬೇಕು.

ಈ ವಿಧಾನಕ್ಕೆ ಒಂದು ವಾರಾಂತ್ಯವೇ ಬೇಕು, ತಲೆಯೂ ಬಿಸಿಯಾಗುತ್ತದೆ. ದೊಡ್ಡ ದುಡ್ಡು ಹಾಕುವ ಮುಂಚೆ, ಅಂದರೆ ಎರಡನೇ ಅಂಗಡಿ, ಐದು ವರ್ಷದ ಲೀಸು, ದೊಡ್ಡ ಮೆಷೀನು ಇಂಥ ಸಂದರ್ಭದಲ್ಲಿ ಮಾಡಿ. ಬನ್ನಿನ ರೇಟು ಎರಡು ರೂಪಾಯಿ ಏರಿಸಲು ಇದೆಲ್ಲ ಬೇಡ.

ನಕ್ಷೆ

ಒಂದು ಅಡ್ಡಗೆರೆ, ಒಂದು ಉದ್ದಗೆರೆ, ಅದರ ಮೇಲೆ ಎಲ್ಲರನ್ನೂ ಚುಕ್ಕಿ ಇಟ್ಟು ಗುರುತಿಸುವುದು. ನೋಡಲು ಚಂದ, ಗೋಡೆಗೂ ಅಂಟಿಸಬಹುದು. ಸಾಮಾನ್ಯವಾಗಿ ಬೆಲೆ ಒಂದು ಕಡೆ, ಗುಣಮಟ್ಟ ಇನ್ನೊಂದು ಕಡೆ ಹಾಕುತ್ತಾರೆ. ಆಗ ಎಲ್ಲ ಚುಕ್ಕಿಗಳೂ ಒಂದೇ ಓರೆಗೆರೆ ಮೇಲೆ ಸಾಲಾಗಿ ಕೂರುತ್ತವೆ. ದುಬಾರಿಯದ್ದು ಚೆನ್ನಾಗಿದೆ, ಅಗ್ಗದ್ದು ಸುಮಾರು. ಇದನ್ನು ತಿಳಿಯಲು ನಕ್ಷೆ ಯಾಕೆ ಬೇಕು?

ಗೆರೆಗಳ ಹೆಸರನ್ನು ಗಿರಾಕಿಗಳ ಬಾಯಿಂದ ತಗೊಂಡರೆ ಕಥೆ ಬದಲಾಗುತ್ತದೆ. ಕೇಕಿಗೆ ಎರಡು ಗೆರೆ ಇಡಿ: ಎಷ್ಟು ಮುಂಚೆ ಹೇಳಬೇಕು, ನಮಗೆ ಬೇಕಾದ ಹಾಗೆ ಎಷ್ಟು ಮಾಡಿಕೊಡುತ್ತಾರೆ. ಮನೆಯ ಬೇಕರ್ ಹುಡುಗಿಗೆ ಎರಡು ದಿನ ಮುಂಚೆ ಹೇಳಬೇಕು, ಆದರೆ ಡೈನೊಸಾರ್ ಬೇಕೆಂದರೆ ಡೈನೊಸಾರೇ ಬರುತ್ತದೆ. ಚೈನ್ ಅಂಗಡಿಯಲ್ಲಿ ತಕ್ಷಣ ಸಿಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಇದ್ದದ್ದೇ ಸಿಗುತ್ತದೆ. ನಡುವೆ ಒಂದು ಜಾಗ ಇದೆ. ನಾಲ್ಕು ಗಂಟೆಗೆ ಫೋನ್ ಮಾಡಿ, ಆರೂವರೆಗೆ ಮಗುವಿನ ಹೆಸರು ಬರೆದು, ಸಕ್ಕರೆ ಕಡಿಮೆ ಹಾಕಿ ಕೊಡಿ ಅನ್ನುವವರ ಜಾಗ. ಬೇಕರಿ ಅಲ್ಲಿ ನಿಲ್ಲಬಹುದು.

ಆದರೆ ಅದೇ ನಾಲ್ಕು ಗಂಟೆಯಲ್ಲಿ ಮಾಸ್ಟರ್ ಬನ್ನಿನ ಮುಂದಿರಬೇಕು ಅಂತ ಮೊದಲೇ ಲೆಕ್ಕ ಹಾಕಿದ್ದೇವಲ್ಲ! ಹಾಗಾಗಿ ಕ್ರೀಂ ಬಳಿದ ಸಾದಾ ಕೇಕನ್ನು ಮಧ್ಯಾಹ್ನವೇ ಮಾಡಿಟ್ಟು, ಸಂಜೆ ಹೆಸರು, ಹೂವಷ್ಟೇ ಹಾಕುವ ಕೆಲಸ ಒಬ್ಬ ಹುಡುಗನಿಗೆ ಕಲಿಸಬೇಕು. ನಕ್ಷೆ ಖಾಲಿ ಜಾಗ ತೋರಿಸುತ್ತದೆ. ಅಲ್ಲಿ ನಿಲ್ಲಲು ನಿಮ್ಮಿಂದ ಆಗುತ್ತದಾ ಅನ್ನುವುದನ್ನು ಲೆಕ್ಕದ ಹಾಳೆಯೇ ಹೇಳಬೇಕು. ಇನ್ನೊಂದು ಮಾತು, ಕೆಲವು ಜಾಗ ಖಾಲಿ ಇರುವುದು ಅದು ಯಾರಿಗೂ ಬೇಡವಾದ್ದರಿಂದ. ಒಂದು ತಿಂಗಳು ಸಣ್ಣದಾಗಿ ಮಾಡಿ ನೋಡದೆ ಬೋರ್ಡ್ ಬರೆಸಬೇಡಿ.

ನಕಲು ಮಾಡಲು ಆಗದ್ದು ಏನಿದೆ?

ಜೇ ಬಾರ್ನಿ ಎಂಬ ಪ್ರಾಧ್ಯಾಪಕರು 1991ರಲ್ಲಿ ಬೆಳೆಸಿದ ವಿಚಾರ ಇದರ ಬೇರು. ನಿಮ್ಮ ಹತ್ತಿರ ಇರುವುದು ಗಿರಾಕಿಗೆ ಬೆಲೆಯುಳ್ಳದ್ದಾ, ಅಪರೂಪದ್ದಾ, ನಕಲು ಮಾಡಲು ಕಷ್ಟವಾ, ಅದನ್ನು ಬಳಸಿಕೊಳ್ಳುವ ವ್ಯವಸ್ಥೆ ನಿಮಗಿದೆಯಾ? ನಾಲ್ಕಕ್ಕೂ ಹೌದು ಅಂದರೆ ಮಾತ್ರ ಅದು ಬಾಳಿಕೆ ಬರುವ ಬಲ.

ಬೇಕರಿಯವರು ಮೊದಲು ಹೇಳುವುದು "ನಮ್ಮ ರುಚಿ". ಆ ರುಚಿ ಎಲ್ಲಿದೆ? ಚೀಟಿಯಲ್ಲಿ ಬರೆದಿದೆಯಾ, ಮಾಸ್ಟರ್‌ನ ಕೈಯಲ್ಲಿದೆಯಾ? ಕೈಯಲ್ಲಿದ್ದರೆ ಅದು ಅಂಗಡಿಯದ್ದಲ್ಲ. ಎರಡು ಬೀದಿ ಆಚೆ ಯಾರೋ ಐದು ಸಾವಿರ ಜಾಸ್ತಿ ಕೊಡುತ್ತೇನೆ ಅಂದ ದಿನ ರುಚಿಯೂ ಅವನ ಹಿಂದೆ ಹೋಗುತ್ತದೆ. ಎಷ್ಟೋ ಬೇಕರಿಗಳ ಎದುರಾಳಿ ಹುಟ್ಟಿರುವುದೇ ಹೀಗೆ, ಹಳೆಯ ಮಾಸ್ಟರ್ ಸ್ವಂತ ಅಂಗಡಿ ಹಾಕಿ. ಅಳತೆಗಳನ್ನು ಗ್ರಾಂ ಲೆಕ್ಕದಲ್ಲಿ ಬರೆದಿಟ್ಟು ಒಬ್ಬ ಹುಡುಗನಿಗಾದರೂ ಕಲಿಸಿದರೆ ಬಲ ಅಂಗಡಿಗೆ ಬರುತ್ತದೆ.

ಜಾಗ ಸ್ವಂತದ್ದಾದರೆ ಅದು ದೊಡ್ಡ ಬಲ. ಬಾಡಿಗೆಯದ್ದಾದರೆ ಅರ್ಧ ಬಲ. ಸಾಲದ ಪುಸ್ತಕ, ಅಂದರೆ ಬಡಾವಣೆಯ ಯಾವ ಮನೆಗೆ ಎಷ್ಟು ದಿನ ಉದ್ರಿ ಕೊಡಬಹುದು ಅನ್ನುವ ತಿಳಿವಳಿಕೆ, ಆ್ಯಪ್‌ಗೆ ಸುಲಭವಾಗಿ ಬರುವಂಥದ್ದಲ್ಲ. ಯಾರ ಮನೆಯಲ್ಲಿ ಯಾವ ತಿಂಗಳು ಬರ್ತ್‌ಡೇ ಅನ್ನುವುದೂ ಹಾಗೆಯೇ, ಆದರೆ ಅದನ್ನು ಬರೆದಿಟ್ಟು ಒಂದು ವಾರ ಮುಂಚೆ ಮೆಸೇಜ್ ಹಾಕಿದರೆ ಮಾತ್ರ. ತಲೆಯಲ್ಲಿದ್ದರೆ ಅದು ಮಾಹಿತಿ ಅಷ್ಟೇ.

ಈ ವಿಧಾನಕ್ಕೆ ಒಂದು ಸಂಜೆ ಸಾಕು. ಅಂಗಡಿ ಮಗನ ಕೈಗೆ ಕೊಡುವಾಗ, ಪಾರ್ಟ್‌ನರ್ ಸೇರಿಸಿಕೊಳ್ಳುವಾಗ, ಮಾಸ್ಟರ್ ಬಿಡುವ ಸೂಚನೆ ಕಂಡಾಗ ಮಾಡಿ.

ಸ್ವಾಟ್ ಕೊನೆಗೆ

ಸ್ವಾಟ್ ಬೇಡ ಅಂತ ನಾನು ಹೇಳುವುದಿಲ್ಲ, ಮೊದಲು ಬೇಡ ಅನ್ನುತ್ತೇನೆ. ಮೇಲಿನ ಕೆಲಸದಲ್ಲಿ ಎರಡು ಮೂರಾದರೂ ಮುಗಿದ ಮೇಲೆ ಬರೆದರೆ ಅದು ಒಂದು ಪುಟದ ಒಳ್ಳೆಯ ಸಾರಾಂಶ. ಪ್ರತಿ ಸಾಲಿಗೂ ಒಂದು ಪರೀಕ್ಷೆ ಇಡಿ: ಎದುರಿನ ಅಂಗಡಿಯವರೂ ಇದೇ ಸಾಲನ್ನು ಬರೆಯಬಹುದಾ? ಬರೆಯಬಹುದಾದರೆ ಹೊಡೆದುಹಾಕಿ. "ಒಳ್ಳೆಯ ಗುಣಮಟ್ಟ" ಹೋಯಿತು. "ಬನ್ ನಾಲ್ಕೂವರೆಗೆ ಬಿಸಿ ಬರುತ್ತದೆ, ಬಸ್ ಸ್ಟಾಪ್ ಎದುರಿಗಿದೆ, ಇನ್ನೊಂದು ಬೇಕರಿ ಒಂದು ಕಿಲೋಮೀಟರ್ ದೂರ" ಉಳಿಯಿತು.

1982ರಲ್ಲಿ ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕ ಹೈಂಜ್ ವೈರಿಕ್ ಇದರ ಅಕ್ಷರಗಳನ್ನೇ ತಿರುಗಿಸಿ ಟೌಸ್ (TOWS) ಅಂತ ಮಾಡಿದರು. ಹೊರಗಿನ ಒಂದೊಂದು ಸಂಗತಿಯನ್ನು ಒಳಗಿನ ಒಂದೊಂದರ ಜೊತೆ ಜೋಡಿಸಿ, ಏನು ಮಾಡಬೇಕು ಅಂತ ಬರೆಯುವುದು. ತೆರಿಗೆ ಇಳಿದು ಚೈನಿನ ಕೇಕ್ ಅಗ್ಗವಾಯಿತು, ನಮಗೆ ಎರಡೂವರೆ ಗಂಟೆಯಲ್ಲಿ ಮಾಡಿಕೊಡುವ ಶಕ್ತಿ ಇದೆ. ಹಾಗಾದರೆ ರೇಟಿಗೆ ಬೀಳುವುದು ಬೇಡ, ಬೇಗ ಕೊಡುತ್ತೇವೆ ಅನ್ನುವುದನ್ನೇ ಮುಂದಿಡೋಣ. ಸಾದಾ ಸ್ವಾಟ್‌ಗಿಂತ ಇದು ವಾಸಿ, ಯಾಕೆಂದರೆ ಕೊನೆಗೆ ಒಂದು ಕೆಲಸ ಉಳಿಯುತ್ತದೆ. ಮುದ್ರಾ ಸಾಲಕ್ಕೋ ಜಿಲ್ಲಾ ಕೈಗಾರಿಕಾ ಕೇಂದ್ರದ ಯೋಜನೆಗೋ ಅರ್ಜಿ ಹಾಕುವವರು ಇದೇ ಪುಟ ಕೊಡಬಹುದು. ಹುಡುಗ ತುಂಬಿಸಿದ್ದಕ್ಕಿಂತ ಮ್ಯಾನೇಜರ್ ಎರಡು ನಿಮಿಷ ಜಾಸ್ತಿಯೇ ಓದುತ್ತಾರೆ.

ಮಾರುಕಟ್ಟೆಯ ಪಾಲು, ಬೆಳವಣಿಗೆ ಇಟ್ಟುಕೊಂಡು ಐಟಂಗಳನ್ನು "ನಕ್ಷತ್ರ, ಹಸು, ನಾಯಿ" ಅಂತ ವಿಂಗಡಿಸುವ ಬಿಸಿಜಿ (ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್) ಚೌಕವನ್ನೂ ಕೆಲವರು ಹೇಳಿಕೊಡುತ್ತಾರೆ. ಕುವೆಂಪುನಗರದ ಖಾರಾ ಬನ್ ಮಾರುಕಟ್ಟೆಯಲ್ಲಿ ನಿಮ್ಮ ಪಾಲೆಷ್ಟು ಅಂತ ಯಾರಿಗೂ ಗೊತ್ತಿಲ್ಲ. ಬಿಟ್ಟುಬಿಡಿ.

ಹಾಗಾದರೆ ಯಾವುದನ್ನು ಹಿಡಿಯಬೇಕು?

ರೇಟು ಏರಿಸಬೇಕಾ ಅನ್ನುವ ಪ್ರಶ್ನೆಗೆ ಐಟಂವಾರು ಲೆಕ್ಕ ಮತ್ತು ಗಿರಾಕಿಗಳ ಮಾತು ಸಾಕು. ಆ್ಯಪ್ ಬೇಕಾ ಅನ್ನುವುದಕ್ಕೆ ಲೆಕ್ಕ ಮಾತ್ರ ಸಾಕು. ಹೊಸ ಐಟಂ ಶುರು ಮಾಡಲು ನಕ್ಷೆ, ಆಮೇಲೆ ಲೆಕ್ಕ. ಎರಡನೇ ಅಂಗಡಿಗೆ ಐದು ಒತ್ತಡ, ಆ ಹೊಸ ಬೀದಿಯಲ್ಲಿ ಕೂತು ಜನರನ್ನು ಎಣಿಸುವ ಕೆಲಸ, ಎರಡೂ ಬೇಕು. ವ್ಯಾಪಾರ ಯಾಕೋ ಇಳಿಯುತ್ತಿದೆ, ಕಾರಣ ಗೊತ್ತಾಗುತ್ತಿಲ್ಲ ಅಂದರೆ "ಬಾಗಿಲು ಹಾಕಿದ್ದ ದಿನ" ಪ್ರಶ್ನೆಯಿಂದಲೇ ಶುರು ಮಾಡಿ. ಕೈಯಲ್ಲಿ ಒಂದೇ ವಾರ ಇದ್ದರೆ ಲೆಕ್ಕ ಮತ್ತು ಆ ಪ್ರಶ್ನೆ, ಇವೆರಡನ್ನೇ ಮಾಡಿ. ಉಳಿದದ್ದು ಕಾಯಬಹುದು.

ಇದೆಲ್ಲ ನಡೆದು ಬರುವ ಗಿರಾಕಿಗಳಿರುವ ಅಂಗಡಿಯ ಮಾತು. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡು ಎರಡು ದೊಡ್ಡ ಕಂಪನಿಗಳಿಗೆ ಜಾಬ್‌ವರ್ಕ್ ಮಾಡುವವರಾದರೆ ಕ್ರಮ ತಿರುಗುಮುರುಗು. ಅಲ್ಲಿ ಮೊದಲು ಹಿಡಿಯಬೇಕಾದ್ದು ಐದು ಒತ್ತಡ, ಅದರಲ್ಲೂ ಕೊಳ್ಳುವವರ ಒತ್ತಡ. ವಹಿವಾಟಿನ ಮುಕ್ಕಾಲು ಪಾಲು ಒಂದೇ ಕಂಪನಿಯಿಂದ ಬರುತ್ತಿದ್ದರೆ ರೇಟು ನಿಗದಿ ಮಾಡುವುದು ಅವರ ಪರ್ಚೇಸ್ ಡಿಪಾರ್ಟ್‌ಮೆಂಟು. ಎದುರಾಳಿ ಕೋಷ್ಟಕದಲ್ಲಿ ಎದುರಿನ ಶೆಡ್ಡಿನವರ ಜೊತೆ "ಕಂಪನಿಯವರೇ ಸ್ವಂತ ಮೆಷೀನ್ ಹಾಕಿಕೊಳ್ಳುವುದು" ಅನ್ನುವ ಸಾಲೂ ಇರಬೇಕು.

ಅವರಿಗೆ ರೇಟಿನಷ್ಟೇ ಮುಖ್ಯವಾದ ಇನ್ನೊಂದು ಅಂಕಿ ದುಡ್ಡು ಬರುವ ದಿನ. ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಕಾಯ್ದೆ ಪ್ರಕಾರ ಕರಾರು ಇದ್ದರೂ 45 ದಿನದೊಳಗೆ ಪಾವತಿ ಆಗಬೇಕು, ಬರವಣಿಗೆಯ ಕರಾರು ಇಲ್ಲದಿದ್ದರೆ 15 ದಿನ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದಂತೆ, ಆ ಅವಧಿ ಮೀರಿದರೆ ಕೊಂಡ ಕಂಪನಿಗೆ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ತೋರಿಸಲು ಸಾಧ್ಯ. ಆ ಕಾಯ್ದೆಯಡಿ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಗೆ ಇದು ಹಿಡಿತ ಕೊಟ್ಟಿದೆ. ಜೊತೆಗೆ ಒಂದು ಭಯವನ್ನೂ ತಂದಿದೆ: ನೋಂದಣಿ ಇಲ್ಲದವರ ಹತ್ತಿರ, ಅಥವಾ ಈ ನಿಯಮದೊಳಗೆ ಬರದ ಮಧ್ಯಮ ಗಾತ್ರದವರ ಹತ್ತಿರ ಕಂಪನಿ ಕೆಲಸ ಸಾಗಿಸಿಬಿಟ್ಟರೆ? ಇದು ಹೊಸ ಎದುರಾಳಿ, ಕೋಷ್ಟಕದಲ್ಲಿ ಅದಕ್ಕೂ ಒಂದು ಸಾಲು ಬಿಡಿ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು ಅಂತ ಕೇಳುವವರಿದ್ದಾರೆ. ಕ್ಯಾಲೆಂಡರ್ ನೋಡಿ ಮಾಡುವ ಕೆಲಸ ಅಲ್ಲ ಇದು. ಲೆಕ್ಕದ ಹಾಳೆಯನ್ನು ಸಾಮಾನಿನ ರೇಟು ಬದಲಾದಾಗಲೆಲ್ಲ ತಿದ್ದಿ. ಉಳಿದವನ್ನು ತೆರಿಗೆ ಬದಲಾದಾಗ, ಬಾಡಿಗೆ ಕರಾರು ಮುಗಿಯಲು ನಾಲ್ಕು ತಿಂಗಳು ಇದ್ದಾಗ, ಎದುರಿನ ಖಾಲಿ ಮಳಿಗೆಗೆ ಬಣ್ಣ ಬಳಿಯಲು ಜನ ಬಂದಾಗ ತೆಗೆದು ನೋಡಿ. ಬೋರ್ಡ್ ಬೀಳುವವರೆಗೆ ಕಾಯಬೇಡಿ. ಬಣ್ಣ ಬಳಿಯುವವರನ್ನೇ ಕೇಳಿದರೆ ಏನು ಅಂಗಡಿ ಬರುತ್ತಿದೆ ಅಂತ ಹೇಳುತ್ತಾರೆ.